ದೋಣಿಗೂ ಶ್ರುತಿ ಬೇಕು
(ಬಾನುಲಿ ಭಾಷಣ)

ತಂಬೂರಿಯನ್ನು ಕೈಗೆತ್ತಿಕೊಂಡ ಗಾಯಕ ಕೂಡಲೇ ಹಾಡತೊಡಗುವುದಿಲ್ಲ. ಬಿರಡೆಗಳನ್ನು ತಿರುಗಿಸಿ, ತಂತಿಗಳನ್ನು ಒಂದೊಂದಾಗಿ ಮೀಟಿ, ಶ್ರುತಿ ಕೂಡಿತೆಂದು ಮನಸ್ಸಿಗೆ ಒಪ್ಪಿದ ಮೇಲೆಯೇ ಬಾಯಿ ತೆರೆಯುತ್ತಾನೆ. ಆತುರದ ಶ್ರೋತೃಗಳಿಗೆ ಅದು ಕಾಲಹರಣವೆನಿಸೀತು. ಆದರೆ ಮುಂದಿನ ಕಛೇರಿಯೆಲ್ಲ ನಿಂತಿರುವುದು ಆ ಹತ್ತು ನಿಮಿಷಗಳ ಮೇಲೆ. ಈ ಹಳೆಯ ಪಾಠವನ್ನು ಇಳಿವಯಸ್ಸಿನಲ್ಲಿ ನನಗೆ ಮತ್ತೆ ಕಲಿಸಿದ್ದು ಮೊಮ್ಮಗನ ಒಂದು ದೋಣಿ.

ದೋಣಿಯೆಂದರೆ ಮಳೆನೀರಿನಲ್ಲಿ ಬಿಡುವ ಕಾಗದದ ದೋಣಿಯಲ್ಲ. ಅರುವತ್ತು ಸೆಂಟಿಮೀಟರ್ ಉದ್ದದ ಒಡಲು. ಅದರೊಳಗೆ ಬ್ಯಾಟರಿ ಮತ್ತು ಮೋಟಾರು. ಹಿಂಬದಿಯಲ್ಲಿ ನೀರನ್ನು ತಳ್ಳುವ ಪ್ರೊಪೆಲ್ಲರ್ ಹಾಗೂ ದಿಕ್ಕು ತಿರುಗಿಸುವ ಚುಕ್ಕಾಣಿ. ದಡದಲ್ಲಿ ನಿಂತವನ ಕೈಯ ಟ್ರಾನ್ಸ್‌ಮಿಟರ್ ರೇಡಿಯೋ ಅಲೆಗಳ ಮೂಲಕ ಆಜ್ಞೆ ಕಳುಹಿಸುತ್ತದೆ; ದೋಣಿಯೊಳಗಿನ ರಿಸೀವರ್ ಅದನ್ನು ಪಾಲಿಸುತ್ತದೆ. ಈ ವಿದ್ಯೆ ಇಂದು ನಿನ್ನೆಯದಲ್ಲ. ನಿಕೋಲಾ ಟೆಸ್ಲಾ ಇಂತಹ ದೋಣಿಯನ್ನು ನಿರ್ಮಿಸಿ, 1898ರ ನವೆಂಬರ್ 8ರಂದು ಅಮೆರಿಕದಲ್ಲಿ ಅದಕ್ಕೆ 613809ನೆಯ ಸಂಖ್ಯೆಯ ಪೇಟೆಂಟ್ ಪಡೆದ. ಬ್ಯಾಟರಿ, ಪ್ರೊಪೆಲ್ಲರ್ ತಿರುಗಿಸಲು ಒಂದು ಮೋಟಾರು, ಚುಕ್ಕಾಣಿಗೆ ಇನ್ನೊಂದು—ಇವೆಲ್ಲ ಅದರಲ್ಲಿಯೇ ಇದ್ದುವು.

ಕಳೆದ ದಸರೆಯ ರಜೆಯಲ್ಲಿ ನಾವಿಬ್ಬರೂ ದೋಣಿಯೊಂದಿಗೆ ಊರ ಕೆರೆಗೆ ಹೋದೆವು. ಇನ್ನಷ್ಟು ವೇಗ ಬರಲೆಂದು ಹುಡುಗ ದೊಡ್ಡ ಪ್ರೊಪೆಲ್ಲರ್ ಜೋಡಿಸಿದ್ದ. ದೋಣಿ ಬಾಣದಂತೆ ಹೋಯಿತು. ಕೆರೆಯ ನಡುವೆ ಸದ್ದಿಲ್ಲದೆ ನಿಂತುಬಿಟ್ಟಿತು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಹುಡುಗ ಚಪ್ಪಲಿ ಕಳಚಿ ಮೊಣಕಾಲುದ್ದದ ನೀರಿಗಿಳಿದಿದ್ದ. ಅವನಿಗೆ ಈಜು ಬಾರದು. ತೋಳು ಹಿಡಿದು ಎಳೆದುಕೊಂಡೆ. ಗಾಳಿ ದೋಣಿಯನ್ನು ಆಚೆ ದಡದ ಜೊಂಡಿಗೆ ಸೇರಿಸಿತು. ಏರಿಯನ್ನು ಬಳಸಿ ಹೋಗಿ ತರುವಷ್ಟರಲ್ಲಿ ಕತ್ತಲಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಇಬ್ಬರೂ ಕುಳಿತು ಅದನ್ನು ಬಿಚ್ಚಿ, ಬಲ್ಲವರನ್ನು ಕೇಳಿ, ಮೊದಲಿನಿಂದ ಹೊಂದಿಸಿದೆವು.

ಮೊದಲನೆಯದು ತೂಕ. ಎಲ್ಲ ಸಾಮಗ್ರಿಯನ್ನೂ ಒಳಗಿಟ್ಟು ಅಗಲವಾದ ತೊಟ್ಟಿಯಲ್ಲಿ ತೇಲಿಬಿಡಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಬ್ಯಾಟರಿಯನ್ನು ಸರಿಸಿ ಸರಿಮಾಡಬೇಕು. ವೇಗದ ದೋಣಿಗಳಲ್ಲಿ ತೂಕದ ಮಧ್ಯಬಿಂದು ಹಿಂತುದಿಯಿಂದ ಉದ್ದದ ಶೇಕಡ 30ರ ಆಸುಪಾಸಿನಲ್ಲಿರುವುದು ವಾಡಿಕೆ. ನಮ್ಮ ದೋಣಿಗೆ ಅದು 18 ಸೆಂಟಿಮೀಟರ್. ಭಾರ ಮುಂದಾದರೆ ಮೂತಿ ನೀರನ್ನು ಅಗೆಯುತ್ತದೆ. ತೀರ ಹಿಂದಾದರೆ ಮೂತಿ ಮೇಲೆದ್ದು ದೋಣಿ ಕುಪ್ಪಳಿಸುತ್ತದೆ.

ಎರಡನೆಯದು ಮೋಟಾರಿಗೂ ಪ್ರೊಪೆಲ್ಲರಿಗೂ ನಡುವಿನ ಶಾಫ್ಟ್. ಎರಡೂ ಒಂದೇ ನೇರದಲ್ಲಿರಬೇಕು. ಬೆರಳಿನಿಂದ ತಿರುಗಿಸಿದರೆ ಎಲ್ಲಿಯೂ ತಡೆಯದೆ ತಿರುಗಬೇಕು. ಶಾಫ್ಟಿನ ಕೊಳವೆಯಲ್ಲಿ ತುಂಬುವ ಗ್ರೀಸ್ ಸವೆತವನ್ನು ತಪ್ಪಿಸುವುದಲ್ಲದೆ ನೀರು ಒಳನುಗ್ಗದಂತೆಯೂ ಕಾಯುತ್ತದೆ. ನಮ್ಮ ದೋಣಿಯಲ್ಲಿ ಮೋಟಾರು ಕೂದಲೆಳೆಯಷ್ಟು ಓರೆಯಾಗಿತ್ತು, ಗ್ರೀಸ್ ಒಣಗಿತ್ತು. ಅದರ ಮೇಲೆ ದೊಡ್ಡ ಪ್ರೊಪೆಲ್ಲರಿನ ಭಾರ. ಮೋಟಾರು ಮಿತಿಮೀರಿ ವಿದ್ಯುತ್ತನ್ನು ಸೆಳೆದಾಗ, ವೇಗವನ್ನು ನಿಯಂತ್ರಿಸುವ ಉಪಕರಣ ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ತಾನೇ ನಿಂತುಬಿಟ್ಟಿತ್ತು. ಆದುದರಿಂದ ಹೊಸ ಪ್ರೊಪೆಲ್ಲರ್ ಹಾಕಿದಾಗ ಒಂದೆರಡು ನಿಮಿಷ ಮಾತ್ರ ಓಡಿಸಿ, ದೋಣಿಯನ್ನು ದಡಕ್ಕೆ ತಂದು, ಮೋಟಾರನ್ನು ಮುಟ್ಟಿ ನೋಡಬೇಕು. ಬೆರಳಿಡಲಾಗದಷ್ಟು ಬಿಸಿಯಿದ್ದರೆ ಚಿಕ್ಕದಕ್ಕೆ ಮರಳುವುದೇ ವಿವೇಕ.

ಮೂರನೆಯದು ಬ್ಯಾಟರಿ. ಈಗ ಬಳಕೆಯಲ್ಲಿರುವ ಲಿಥಿಯಮ್ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ ಪೂರ್ತಿ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಅದು ಕೆಡುತ್ತದೆ. ಪೂರ್ತಿ ಬರಿದಾಗುವ ಮೊದಲೇ ದೋಣಿ ದಡ ಸೇರಿರಬೇಕು. ಚಾರ್ಜ್ ಮಾಡುವಾಗ ಬಳಿಯಲ್ಲಿ ಒಬ್ಬರಿರಲೇಬೇಕು. ಇದು ಬೆಂಕಿಗೆ ಸಂಬಂಧಿಸಿದ ಮಾತು.

ನಾಲ್ಕನೆಯದು ರೇಡಿಯೋ. ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಬೇಕು, ಕಡೆಯಲ್ಲಿ ಆರಿಸಬೇಕು. ಹಿಂದೆ 27 ಮೆಗಾಹರ್ಟ್ಸ್ ಸೆಟ್ಟುಗಳ ಕಾಲದಲ್ಲಿ ಒಂದೇ ಕಂಪನಾಂಕದ ಎರಡು ಸೆಟ್ಟುಗಳು ಒಂದೆಡೆ ಸೇರಿದರೆ ಒಬ್ಬನ ಆಜ್ಞೆ ಇನ್ನೊಬ್ಬನ ದೋಣಿಯನ್ನು ತಿರುಗಿಸುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ರಿಸೀವರ್ ತನ್ನ ಒಡೆಯನ ಸಂಕೇತವನ್ನು ಮಾತ್ರ ಗುರುತಿಸುತ್ತದೆ. ಆದರೆ ಈ ಅಲೆಗಳು ನೀರಿನೊಳಗೆ ಸಾಗಲಾರವು. ರಿಸೀವರಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಸಂಕೇತ ಕಡಿದುಹೋದರೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಡೂ ಇರುತ್ತದೆ. ನೆಲದ ಮೇಲೆ, ಪ್ರೊಪೆಲ್ಲರಿಗೆ ಏನೂ ತಗುಲದಂತೆ ದೋಣಿಯನ್ನು ಭದ್ರವಾಗಿ ಹಿಡಿದು ಮೆಲ್ಲಗೆ ಓಡಿಸುತ್ತ, ಟ್ರಾನ್ಸ್‌ಮಿಟರ್ ಆರಿಸಿ ಅದನ್ನು ಪರೀಕ್ಷಿಸಬೇಕು. ಇಲ್ಲಿ ಮಾತ್ರ ಕ್ರಮ ತಿರುಗುಮುರುಗಾದರೂ ತಪ್ಪಲ್ಲ.

ಕೊನೆಯಲ್ಲಿ ಚುಕ್ಕಾಣಿ. ದೋಣಿ ನೇರ ಹೋಗದಿದ್ದರೆ ಟ್ರಾನ್ಸ್‌ಮಿಟರಿನ ಗುಂಡಿಯನ್ನು ತಿರುಗಿಸಿ ಮರೆಮಾಚುವುದಕ್ಕಿಂತ, ಚುಕ್ಕಾಣಿಯ ಕಡ್ಡಿಯನ್ನೇ ಸರಿಯಾದ ಅಳತೆಗೆ ತರುವುದು ಮೇಲು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ಬಗೆಯೇ ಇಲ್ಲ.

ಇಷ್ಟೆಲ್ಲ ಹೊಂದಿಸಿದ ಮೇಲೂ ದೋಣಿ ನಿಲ್ಲಲಾರದೆಂದು ಹೇಳುವಂತಿಲ್ಲ. ಆದುದರಿಂದ ಗಾಳಿ ನಮ್ಮ ಕಡೆಗೆ ಬೀಸುವ ದಡದಲ್ಲಿ ನಿಂತೇ ದೋಣಿಯನ್ನು ಬಿಡಬೇಕು. ನಿಂತ ದೋಣಿಯನ್ನು ಗಾಳಿಯೇ ತಂದು ಒಪ್ಪಿಸುತ್ತದೆ. ಅದರ ಹಿಂದೆ ಯಾರೂ ನೀರಿಗಿಳಿಯತಕ್ಕದ್ದಲ್ಲ. ದೋಣಿಗೆ ಬೆಲೆಯುಂಟು, ಮತ್ತೊಂದನ್ನು ಕೊಳ್ಳಬಹುದು.

ಮೊನ್ನೆ ಪ್ರೊಪೆಲ್ಲರಿಗೆ ಪಾಚಿ ಸುತ್ತಿಕೊಂಡು ದೋಣಿ ಮತ್ತೆ ನಡುನೀರಿನಲ್ಲಿ ನಿಂತಿತು. ಹುಡುಗ ಚಪ್ಪಲಿ ಕಳಚಲಿಲ್ಲ. ಸೋಪಾನದ ಮೇಲೆ ನನ್ನ ಪಕ್ಕದಲ್ಲಿ ಕುಳಿತು, "ಬರುತ್ತದೆ ತಾತ, ಗಾಳಿ ಈ ಕಡೆಗೇ ಇದೆ" ಎಂದ. ಅರ್ಧ ಗಂಟೆಯ ಮೇಲೆ ದೋಣಿ ಬಂದು ನಮ್ಮ ಕಾಲ ಬಳಿಯ ಮೆಟ್ಟಿಲಿಗೆ ತಾಗಿತು.