ಬಿದ್ದ ಮೇಲೆ ಬಲಗೈ ಬ್ರೇಕು

ಮೈಸೂರಿನ ಸರಸ್ವತಿಪುರಂ ಕಡೆಯಿಂದ ಕುಕ್ಕರಹಳ್ಳಿ ಕೆರೆಯತ್ತ ದಿನಾ ಬೆಳಿಗ್ಗೆ ಸೈಕಲ್ ತುಳಿಯುವ ಐವತ್ತೈದರ ಗೃಹಸ್ಥರೊಬ್ಬರು ಒಂದು ತಿರುವಿನಲ್ಲಿ ಬಿದ್ದರು. ಯಾರೋ ಮನೆ ಕಟ್ಟಲು ಸುರಿಸಿದ್ದ ಜಲ್ಲಿಯಲ್ಲಿ ನಾಲ್ಕು ಕಲ್ಲು ರಸ್ತೆಗೆ ಬಂದಿದ್ದವು. ಗಾಬರಿಯಲ್ಲಿ ಬ್ರೇಕು ಒತ್ತಿದರು, ಮುಂದಿನ ಚಕ್ರ ಜಾರಿತು, ಅಷ್ಟೆ. ಅಂಗೈ ಸುಲಿಯಿತು, ಮೊಣಕಾಲು ತರಚಿತು, ಬಲ ಮಣಿಕಟ್ಟು ಊದಿತು. ಮೂಳೆ ಮುರಿದಿಲ್ಲವೆಂದು ಎಕ್ಸ್‌ರೇ ಹೇಳಿತು. ಟೆಟನಸ್ ಚುಚ್ಚುಮದ್ದು ಕೊಟ್ಟು, ಪಟ್ಟಿ ಕಟ್ಟಿ ಡಾಕ್ಟರು ಕಳಿಸಿದರು. ಮೂರು ವಾರಕ್ಕೆ ಗಾಯ ಮಾಯಿತು. ಸೈಕಲ್ಲು ಮಾತ್ರ ಎರಡು ತಿಂಗಳು ವರಾಂಡದಲ್ಲೇ ನಿಂತಿತ್ತು. ಅದರ ಹ್ಯಾಂಡಲು ಟವೆಲು ಒಣಹಾಕಲು ಅನುಕೂಲವಾಯಿತು.

ಬೀಳುವುದು ಇವರಿಗೆ ಹೊಸತೇನಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತ ತಲೆಮಾರಿನವರ ಮೊಣಕಾಲಲ್ಲಿ ಹಳೆಯ ಗುರುತೊಂದಾದರೂ ಇದ್ದೇ ಇರುತ್ತದೆ. ಆಗ ಬಿದ್ದವರು ಬೇಲಿಸೊಪ್ಪಿನ ರಸ ಹಿಂಡಿಕೊಂಡು ಮತ್ತೆ ಹತ್ತುತ್ತಿದ್ದರು. ಬಾಡಿಗೆಯ ಗಂಟೆ ಮುಗಿಯುವುದರೊಳಗೆ ಹತ್ತಲೇಬೇಕಿತ್ತು. ಐವತ್ತು ದಾಟಿದ ಮೇಲೆ ಅಂಥ ಅವಸರವಿಲ್ಲ. ಅವಸರ ಕೂಡದು ಕೂಡ.

ಬೀಳುವಾಗ ಮನುಷ್ಯ ಸಹಜವಾಗಿ ಕೈ ಚಾಚುತ್ತಾನೆ. ಭಾರವೆಲ್ಲ ಅಂಗೈ ಮೇಲೆ ಬಂದು ಮಣಿಕಟ್ಟಿಗೋ ಕೊರಳೆಲುಬಿಗೋ ಏಟು ಬೀಳುತ್ತದೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಅದರ ಬುಡದಲ್ಲಿ ಸಣ್ಣ ಕುಳಿಯೊಂದು ಕಾಣುತ್ತದಲ್ಲ, ಹಿಂದಿನವರು ನಶ್ಯ ಹಾಕಿಕೊಂಡು ಏರಿಸುತ್ತಿದ್ದದ್ದು ಅಲ್ಲಿಂದಲೇ. ಆ ಕುಳಿಯನ್ನು ಒತ್ತಿದಾಗ ನೋವಾದರೆ ಉದಾಸೀನ ಸಲ್ಲದು. ಅದರಡಿಯ ಸ್ಕಾಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು; ಹತ್ತು ಹದಿನೈದು ದಿನ ಬಿಟ್ಟು ಮತ್ತೆ ತೆಗೆಸಬೇಕಾಗುತ್ತದೆ. ರಕ್ತದ ಸರಬರಾಜು ಕಡಿಮೆಯಿರುವ ಆ ಮೂಳೆ ಕೂಡುವುದು ನಿಧಾನ. 'ಉಳುಕಿದೆ' ಎಂದು ಎಣ್ಣೆ ಹಚ್ಚಿ ನೀವಿಸಿಕೊಂಡವರು ಆಮೇಲೆ ವರ್ಷಗಟ್ಟಲೆ ನರಳುವುದುಂಟು. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಹೆಚ್ಚುವ ತಲೆನೋವು ಇದ್ದರಂತೂ ನೇರ ಆಸ್ಪತ್ರೆಗೇ ಹೋಗಬೇಕು.

ಹಾಗೆಂದು ಮೂಲೆ ಹಿಡಿದು ಕೂರುವುದೂ ಮದ್ದಲ್ಲ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸಿಡುವುದು ಎಂಬ ಪ್ರಸಿದ್ಧ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ತಾವೇ ಮಾತು ತಿದ್ದಿಕೊಂಡರು. ಗಂಭೀರ ಪೆಟ್ಟಿಲ್ಲವೆಂದು ಖಚಿತವಾದ ಮೇಲೆ, ನೋವು ತಡೆಯುವಷ್ಟು ಕೈಕಾಲು ಆಡಿಸುವುದೇ ಈಗಿನ ಸಲಹೆ.

ಸೈಕಲ್ಲಿಗೂ ತಪಾಸಣೆ ಬೇಕು. ಇದನ್ನು ಮರೆಯುವವರೇ ಹೆಚ್ಚು. ಹ್ಯಾಂಡಲು ಚಕ್ರಕ್ಕೆ ನೇರವಾಗಿದೆಯೆ, ಚಕ್ರ ಸೊಟ್ಟಗಾಗಿ ಬ್ರೇಕಿಗೆ ಉಜ್ಜುತ್ತಿದೆಯೆ, ಫೋರ್ಕಿನಲ್ಲಿ ಬಿರುಕಿದೆಯೆ? ಗೇರಿನ ಸೈಕಲ್ಲು ಬಲಕ್ಕೆ ಬಿದ್ದಿದ್ದರೆ ಹಿಂದಿನ ಗೇರಿನ ಕೊಂಡಿ ಒಳಕ್ಕೆ ಬಾಗಿರುತ್ತದೆ. ಏರಿನಲ್ಲಿ ಸಣ್ಣ ಗೇರು ಹಾಕಿದೊಡನೆ ಅದು ಕಡ್ಡಿಗಳಿಗೆ ಸಿಕ್ಕಿತೆಂದರೆ ಎರಡನೆಯ ಬೀಳು ಗ್ಯಾರಂಟಿ. ಪೆಟ್ಟು ತಿಂದ ಹೆಲ್ಮೆಟ್ಟನ್ನೂ ಬದಲಿಸಬೇಕು. ಒಳಗಿನ ಥರ್ಮೋಕೋಲ್ ಒಮ್ಮೆ ಜಜ್ಜಿದರೆ ಮುಗಿಯಿತು, ಹೊರಗೆ ಎಷ್ಟೇ ಹೊಳೆಯುತ್ತಿರಲಿ.

ಇಷ್ಟೆಲ್ಲ ಸರಿಯಾದರೂ ಒಂದು ಉಳಿಯುತ್ತದೆ. ಸ್ಲೊವೇನಿಯಾದ ಪ್ರಿಮೊಜ್ ರೋಗ್ಲಿಚ್ 2021ರ ಜೂನ್ 28ರಂದು ಟೂರ್ ಡಿ ಫ್ರಾನ್ಸ್‌ನಲ್ಲಿ ಬಿದ್ದು, ಮೈತುಂಬ ಪಟ್ಟಿ ಸುತ್ತಿಕೊಂಡು ಕೆಲವು ದಿನ ತುಳಿದು, ಕೊನೆಗೆ ಸ್ಪರ್ಧೆ ಬಿಟ್ಟರು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 28ರಂದು, ಟೋಕಿಯೊ ಒಲಿಂಪಿಕ್ಸ್‌ನ ಟೈಮ್ ಟ್ರಯಲ್‌ನಲ್ಲಿ ಚಿನ್ನ ಗೆದ್ದರು. ಅವರ ಬೆನ್ನಿಗೆ ವೈದ್ಯರು, ಮೆಕ್ಯಾನಿಕ್ಕುಗಳ ಪಡೆಯೇ ಇತ್ತು. ನಮ್ಮ ಗೃಹಸ್ಥರ ಬೆನ್ನಿಗಿದ್ದದ್ದು ಮನೆಯವರ ಒಂದೇ ಮಾತು: "ಈ ವಯಸ್ಸಲ್ಲಿ ಯಾಕೆ? ಮಾರಿಬಿಡಿ."

ಮಾರಲಿಲ್ಲ. ಆದರೆ ಮತ್ತೆ ಹತ್ತಿದ ದಿನ ಬಲಗೈ ಬ್ರೇಕು ಮುಟ್ಟಲು ಒಲ್ಲೆನೆಂದಿತು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕು. ತನ್ನನ್ನು ಬೀಳಿಸಿದ್ದು ಅದೇ ಎಂದು ಮನಸ್ಸು ಬರೆದುಕೊಂಡಿತ್ತು. ಹಿಂದಿನ ಬ್ರೇಕನ್ನಷ್ಟೇ ನೆಚ್ಚಿ ಹೊರಟರೆ ಇಳಿಜಾರಿನಲ್ಲಿ ಸೈಕಲ್ಲು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಇದೇ ಅಪಾಯ. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗಿ ಎಳೆದುಕೊಂಡು ಹೋಗುತ್ತದೆ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನದರದ್ದೇ. ಅಂದು ತಪ್ಪಿದ್ದು ಬ್ರೇಕಲ್ಲ, ತಿರುವಿನ ಮಧ್ಯೆ, ಜಲ್ಲಿಯ ಮೇಲೆ ಅದನ್ನು ಒತ್ತಿದ್ದು. ವೇಗ ತಗ್ಗಿಸಬೇಕಾದದ್ದು ತಿರುವಿಗೆ ಮೊದಲು, ಸೈಕಲ್ಲು ನೆಟ್ಟಗಿರುವಾಗ.

ಸೀಟನ್ನು ಅರ್ಧ ಇಂಚು ಇಳಿಸಿ, ಖಾಲಿ ಮೈದಾನದಲ್ಲಿ ಅವರು ಶಾಲಾ ಹುಡುಗನಂತೆ ಅಭ್ಯಾಸ ಮಾಡಿದರು. ಮೊದಲು ಎಡಗೈ, ಜೊತೆಗೆ ಬಲಗೈಯ ಎರಡು ಬೆರಳು, ಮೆಲ್ಲಗೆ. ನೆಲದ ಮೇಲೊಂದು ಗೆರೆ, ಅಲ್ಲಿ ನಿಲ್ಲಬೇಕು. ಹುಡುಗರು ಕ್ರಿಕೆಟ್ ನಿಲ್ಲಿಸಿ ನಕ್ಕರು. ಮೊಣಕೈ ಬಿಗಿಹಿಡಿಯದೆ ಸಡಿಲ ಬಿಡುವುದಕ್ಕೆ ಒಂದು ವಾರ ಹಿಡಿಯಿತು. ಗುಂಡಿಯನ್ನೇ ದಿಟ್ಟಿಸಿದರೆ ಸೈಕಲ್ಲು ಗುಂಡಿಗೇ ಹೋಗುತ್ತದೆಂದು ಕಣ್ಣಿಗೆ ಕಲಿಸುವುದಕ್ಕೆ ಇನ್ನೊಂದು ವಾರ.

ಆ ತಿರುವಿಗೆ ಮೊದಲ ದಿನ ಬಂದಾಗ ಇಳಿದು ತಳ್ಳಿಕೊಂಡು ದಾಟಿದರು. ನಾಲ್ಕನೆಯ ದಿನ ಮೊದಲೇ ವೇಗ ಇಳಿಸಿ, ತುಳಿದೇ ದಾಟಿದರು. ಮನೆ ಎರಡನೆಯ ಅಂತಸ್ತಿಗೆ ಬಂದಿದೆ. ಜಲ್ಲಿಯ ಹೊಸ ಲೋಡು ಅದೇ ಜಾಗದಲ್ಲಿ ಬಿದ್ದಿದೆ.