ಎಲ್ಲ ಕಂಪ್ಯೂಟರಿನಲ್ಲೂ ಬಿಚ್ಚಿಕೊಳ್ಳುವ ಫೈಲ್

ವಿಂಡೋಸ್‌ನಲ್ಲಿ ಕಟ್ಟಿದ ಫೋಲ್ಡರ್ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ತಕರಾರಿಲ್ಲದೆ ಬಿಚ್ಚಿಕೊಳ್ಳಬೇಕೇ? ಜಿಪ್ ಎಂಬ ಫೈಲ್ ಮಾದರಿ ಆರಿಸಿ. 1989ರಲ್ಲಿ ಇದನ್ನು ರೂಪಿಸಿದ ಫಿಲ್ ಕ್ಯಾಟ್ಸ್, ಅದರ ವಿವರಗಳನ್ನು ಆಗಲೇ ಎಲ್ಲರಿಗೂ ಮುಕ್ತವಾಗಿಟ್ಟರು. ಅದಕ್ಕೇ ಇವತ್ತು ಬೇರೆ ಆ್ಯಪ್ ಹಾಕಿಕೊಳ್ಳದೆ ಸಾಮಾನ್ಯವಾಗಿ ಎಲ್ಲ ಕಡೆ ತೆರೆಯುತ್ತದೆ.

ಸೆವೆನ್-ಝಡ್ (7z) ಎಂಬ ಇನ್ನೊಂದು ಮಾದರಿ ಇನ್ನೂ ಚಿಕ್ಕದಾಗಿ ಹಿಂಡುತ್ತದೆ, ನಿಜ. ಆದರೆ ವಿಂಡೋಸ್ ಅದನ್ನು ತಾನಾಗಿ ತೆರೆಯಲು ಕಲಿತದ್ದು 2023ರಲ್ಲಿ, ಅದೂ ವಿಂಡೋಸ್ 11 ಮಾತ್ರ. ಇನ್ನು ಫೋಟೋ, ವಿಡಿಯೋ ಮೊದಲೇ ಹಿಂಡಿಟ್ಟವು. ಅವು ಯಾವುದರಲ್ಲಿ ಕಟ್ಟಿದರೂ ಹೆಚ್ಚು ಕುಗ್ಗುವುದಿಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಇದನ್ನು ಗಮನಿಸಲೇಬೇಕು. ಮೊದಲಿನ ಜಿಪ್‌ಗೆ ಯೂನಿಕೋಡ್ ಹೆಸರುಗಳ, ಅಂದರೆ ಕನ್ನಡದಂಥ ಲಿಪಿಗಳ ಹೆಸರುಗಳ, ವ್ಯವಸ್ಥೆಯೇ ಇರಲಿಲ್ಲ. ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿ ಜಿಪ್‌ನ ನಿಯಮಗಳಿಗೆ ಸೇರಿದ್ದು 2006ರಲ್ಲಿ. ಹಳೆಯ ಸಾಫ್ಟ್‌ವೇರ್‌ನಲ್ಲಿ ಕಟ್ಟಿದರೆ 'ಅಜ್ಜಿಯ ಪತ್ರ' ಎಂಬ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಬಹುದು. ಒಳಗಿನ ಬರಹ ಕೆಡುವುದಿಲ್ಲ. ಆದರೂ ನೂರು ಫೈಲುಗಳಲ್ಲಿ ಯಾವುದು ಯಾವುದೆಂದು ಹುಡುಕುವುದು ನಿಜಕ್ಕೂ ಹಿಂಸೆ. ಹಾಗಾಗಿ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲೇ ಕಟ್ಟಿ, ಕಳಿಸುವ ಮುನ್ನ ಒಮ್ಮೆ ಬೇರೆ ಸಾಧನದಲ್ಲಿ ಬಿಚ್ಚಿ ನೋಡಿ.

ಲಿನಕ್ಸ್‌ನಿಂದ ಲಿನಕ್ಸ್‌ಗೆ ಮಾತ್ರ ಸಾಗಿಸುವುದಾದರೆ ನನ್ನ ಆಯ್ಕೆ ಟಾರ್ ಜಿಜಿಪ್ (.tar.gz) ಮಾದರಿ. ಯಾರು ಓದಬಹುದು, ಯಾರು ಬದಲಿಸಬಹುದು ಎಂಬ ಅನುಮತಿಗಳೂ ಅದರಲ್ಲಿ ಫೈಲಿನ ಜೊತೆಗೇ ಹೋಗುತ್ತವೆ.