ನಮ್ಮ ಮನೆಯ ದೈವಕ್ಕೆ ಎಷ್ಟು ಹಿಟ್ ಪಾಯಿಂಟ್?

“ಅಣ್ಣಾ, ಒಂದು ಕೇಳ್ಲಾ? ನಮ್ಮ ಮನೆಯ ದೈವಕ್ಕೆ ಎಷ್ಟು ಹಿಟ್ ಪಾಯಿಂಟ್ ಇಟ್ಟಿದ್ದಿ?”

ಶನಿವಾರ ರಾತ್ರಿ ಹನ್ನೊಂದು ಗಂಟೆ. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಊಟದ ಮೇಜಿನ ಸುತ್ತ ನಾಲ್ಕು ಜನ. ಮೇಜಿನ ತುದಿಯಲ್ಲಿಟ್ಟ ಲ್ಯಾಪ್‌ಟಾಪಿನಲ್ಲಿ ಮಂಗಳೂರಿನಿಂದ ಸೇರಿಕೊಂಡ ಚಿಕ್ಕಮ್ಮನ ಮಗಳು. ಆಗಷ್ಟೇ ನಾನು ಭಾರೀ ಹುಮ್ಮಸ್ಸಿನಲ್ಲಿ ಒಬ್ಬ ರಾಕ್ಷಸನನ್ನು ವರ್ಣಿಸಿ ಮುಗಿಸಿದ್ದೆ. ಕಲ್ಲಿನ ಮೈ, ಒಂದೇ ಕೈ, ಒಂದೇ ಕಾಲು, ಆ ಒಂದು ಕೈಯಲ್ಲಿ ಉಳಿ. ಹೆಸರನ್ನು ಸ್ವಲ್ಪ ತಿರುಚಿ ಇಂಗ್ಲಿಷಿನ ಹಾಗೆ ಕೇಳಿಸುವಂತೆ ಮಾಡಿದ್ದೆ. ಉಳಿದವರೆಲ್ಲ “ಸೂಪರ್” ಅಂದರು. ತಂಗಿಗೆ ಮಾತ್ರ ಅದು ಯಾರು ಅಂತ ತಕ್ಷಣ ಗೊತ್ತಾಯಿತು. ಅವಳ ಪ್ರಶ್ನೆಗೆ ನಾನು “ಎಂಬತ್ತನಾಲ್ಕು” ಅಂದೆ. ಅವಳು ಮತ್ತೇನೂ ಹೇಳದೆ ಕಾಲ್ ಕಟ್ ಮಾಡಿದಳು.

ಇದೆಂಥ ಆಟ ಎಂದು ಕೇಳುವವರಿಗೆ ಎರಡು ಮಾತು. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಈ ಆಟವನ್ನು ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹಿಟ್ ಪಾಯಿಂಟ್ ಅಂದರೆ ಪಾತ್ರದ ಜೀವಬಲದ ಅಂಕೆ. ಪೆಟ್ಟು ಬಿದ್ದ ಹಾಗೆ ಇಳಿಯುತ್ತದೆ, ಸೊನ್ನೆಗೆ ಬಂದರೆ ರಾಕ್ಷಸ ಸತ್ತ. ನಮ್ಮ ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ: ತಾಳಮದ್ದಲೆ! ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ, ಮಾತೇ ಯುದ್ಧ. ಭಾಗವತರ ಜಾಗದಲ್ಲಿ ನಾನು ಕೂರುತ್ತೇನೆ. ಪದ ಹೇಳಲಿಕ್ಕೆ ಬರುವುದಿಲ್ಲ, ಅಷ್ಟೆ.

ಈ ಆಟದಲ್ಲಿ ಭೂಮಿಯ ಜತೆಗೆ ಬೇರೆ ಲೋಕಗಳೂ ಉಂಟು. ಗೈಗಾಕ್ಸ್ 1977ರಲ್ಲಿ ಒಂದು ಲೇಖನದಲ್ಲಿ ಅವುಗಳ ನಕ್ಷೆ ಕೊಟ್ಟರು. 1987ರಲ್ಲಿ ಜೆಫ್ ಗ್ರಬ್ ಆ ಲೋಕಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು. ಬೆಂಕಿಯ ಲೋಕ, ನೀರಿನ ಲೋಕ, ಒಂಬತ್ತು ನರಕ, ಹೀಗೆ. ಮೊದಮೊದಲು ನಾನು ಇವನ್ನೇ ಓದಿ ಒಪ್ಪಿಸುತ್ತಿದ್ದೆ. ಬೆಂಕಿಯ ಲೋಕಕ್ಕೆ ಕರೆದುಕೊಂಡು ಹೋದ ದಿನ ಒಬ್ಬ ಗೆಳೆಯ, “ಸೆಕೆ ಜಾಸ್ತಿ, ಅಷ್ಟೇ ತಾನೆ?” ಅಂದ. ಮೇ ತಿಂಗಳ ಮಧ್ಯಾಹ್ನ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾದು ಬೆಳೆದ ನನಗೆ ಅವನ ಮಾತು ತಪ್ಪು ಅನ್ನಿಸಲಿಲ್ಲ.

ಹಾಗಾಗಿ ಊರಿನ ಸರಕನ್ನೇ ತರುವ ಅಂತ ಹೊರಟೆ. ಪರಿಣಾಮ ಮೇಲೆ ಹೇಳಿದ್ದು.

ಇನ್ನೂ ನಾಚಿಕೆಯ ಸಂಗತಿ ಒಂದಿದೆ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ವೇದಿಕೆಗಳಲ್ಲಿ, ರೀಲ್ಸ್‌ಗಳಲ್ಲಿ ದೈವದ ವೇಷ ಹಾಕಿ ಕೂಗುವುದು ಶುರುವಾದಾಗ, ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಸಿಟ್ಟು ಮಾಡಿದವನು ನಾನೇ. ಆಟದ ಪುಸ್ತಕ ಬರೆದವರನ್ನೂ ಬೈದಿದ್ದೆ. 1980ರ ‘ಡೀಟೀಸ್ ಆ್ಯಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿ ನಮ್ಮ ಇಂದ್ರ, ಅಗ್ನಿ, ಕಾಳಿಗೆಲ್ಲ ಹಿಟ್ ಪಾಯಿಂಟ್ ಕೊಟ್ಟು ಪಟ್ಟಿ ಮಾಡಿದ್ದಾರೆ. ದೂರದ ಅಮೆರಿಕದವರು ಗೊತ್ತಿಲ್ಲದೆ ಮಾಡಿದರು ಅನ್ನಬಹುದು. ನನಗೆ ಗೊತ್ತಿತ್ತಲ್ಲ?

ನಮ್ಮ ಮನೆಯ ದೈವ ಕಲ್ಕುಡ–ಕಲ್ಲುರ್ಟಿ. ಅಮ್ಮನ ತರವಾಡು ಮನೆ ಇರುವುದು ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ. ಫೆಬ್ರವರಿಯಲ್ಲಿ ಅಲ್ಲಿ ಕೋಲ ಇತ್ತು, ರಜೆ ಹಾಕಿ ಹೋದೆ. ತಂಗಿಯೂ ಬಂದಿದ್ದಳು. ಮಾತಾಡಿದಳು, ಆದರೆ “ಕಾಫಿ ಕುಡಿದಿಯಾ?” ಎಂಬಷ್ಟೇ ಮಾತು. ಮನೆಯ ಯಜಮಾನಿಕೆ ಸೋದರಮಾವನದು. ಅಂಗಳದಲ್ಲಿ ತೆಂಗಿನ ಗರಿ ಕಟ್ಟುತ್ತಿದ್ದ ಅವರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಬೈಗುಳ ತಿನ್ನುವ ತಯಾರಿಯಲ್ಲೇ ಹೋಗಿದ್ದೆ.

“ಆಟ ಅಲ್ವಾ, ಆಗ್ಲಿ,” ಅಂದರು ಮಾವ. ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಅವರಿಗೆ ಅದು ಸಣ್ಣ ಮಾತಲ್ಲ. “ನಿನ್ನ ಆಟದಲ್ಲಿ ದೈವ ಬಂದು ಎಂಥ ಮಾಡ್ತದೆ?”

“ಹೊಡೆದಾಡ್ತದೆ ಮಾವ.”

“ಸೋತ್ರೆ?”

“ಸಾಯ್ತದೆ.”

ಮಾವ ಗರಿ ಕೆಳಗಿಟ್ಟು ನಕ್ಕರು. “ಮನುಷ್ಯ ಆಗಿದ್ದು ಹೋದ ಮೇಲೆಯೇ ಮಾರಾಯ ಅವರು ದೈವ ಆದದ್ದು. ಇನ್ನೊಮ್ಮೆ ಎಲ್ಲಿ ಸಾಯೋದು? ಮತ್ತೆ ದೈವ ಬರೋದು ಹೊಡೆದಾಡ್ಲಿಕ್ಕಾ? ಕೇಳಿದ್ದಕ್ಕೆ ನುಡಿ ಕೊಡ್ಲಿಕ್ಕೆ.”

ಆ ರಾತ್ರಿ ಮೂವತ್ತು ವರ್ಷದಿಂದ ನೋಡಿದ್ದನ್ನೇ ಬೇರೆ ಕಣ್ಣಿನಿಂದ ನೋಡಿದೆ. ತುಳುವಿನಲ್ಲಿ ಎರಡು ಮಾತುಗಳಿವೆ, ಜೋಗ ಮತ್ತು ಮಾಯ. ಕಣ್ಣಿಗೆ ಕಾಣುವಂತೆ ಇರುವುದು ಜೋಗ, ಕಾಣದಂತೆ ಇರುವುದು ಮಾಯ. ಪಾಡ್ದನಗಳಲ್ಲಿ ವೀರರು, ಅನ್ಯಾಯಕ್ಕೆ ಒಳಗಾದವರು ಸತ್ತರು ಎನ್ನುವುದಿಲ್ಲ, ಮಾಯವಾದರು ಎನ್ನುತ್ತಾರೆ. ಮಾಯ ಎಲ್ಲೋ ಆಕಾಶದಲ್ಲಿ ಇಲ್ಲ. ಇದೇ ಗದ್ದೆ, ಇದೇ ಅಂಗಳ, ಇದೇ ಚಾವಡಿ. ಅಲ್ಲಿಂದ ಇಲ್ಲಿಗೆ ಬರುವ ದಾರಿಗೆ ಮಾತ್ರ ಮೆಟ್ಟಿಲುಗಳಿವೆ. ಭಂಡಾರ ಬರಬೇಕು, ಎಣ್ಣೆ ಬೂಳ್ಯ ಆಗಬೇಕು, ಮುಖಕ್ಕೆ ಬಣ್ಣ ಆಗಬೇಕು, ಪಾಡ್ದನ ಹೇಳಬೇಕು, ಕಾಲಿಗೆ ಗಗ್ಗರ ಏರಬೇಕು. ಸಂಜೆ ನಮ್ಮ ಜತೆ ಚಹಾ ಕುಡಿದ ಮನುಷ್ಯನ ಮುಂದೆ ನಡುರಾತ್ರಿ ಮಾವ ಕೈಮುಗಿದು ನಿಂತಿರುತ್ತಾರೆ. ಆಟದ ಪುಸ್ತಕದಲ್ಲೂ ನಮ್ಮ ಲೋಕಕ್ಕೆ ಅಂಟಿಕೊಂಡೇ ಇರುವ ಕಾಣದ ಲೋಕವೊಂದಿದೆ, ‘ಈಥೀರಿಯಲ್’ ಅಂತ ಹೆಸರು. ಆದರೆ ಅದು ಗೋಡೆ ದಾಟಲಿಕ್ಕೆ ಉಪಯೋಗಕ್ಕೆ ಬರುತ್ತದೆ ಅಷ್ಟೆ. ಅಲ್ಲಿಂದ ಯಾರೂ ಬಂದು “ನೀನು ಹೇಳಿದ ಹರಕೆ ಎಲ್ಲಿ?” ಎಂದು ಕೇಳುವುದಿಲ್ಲ.

ಕಲ್ಕುಡನ ಕಥೆಯಲ್ಲೇ ಇನ್ನೊಂದು ಸಂಗತಿ ಇದೆ. ಪಾಡ್ದನದ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ. ಇಂಥದ್ದು ಬೇರೆಲ್ಲೂ ಆಗಬಾರದು ಅಂತ ಅರಸು ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಕೈಕಾಲಿನಲ್ಲೇ ಅವನು ವೇಣೂರಿಗೆ ಬಂದು ಇನ್ನೊಂದು ಗೊಮ್ಮಟನನ್ನು ಕೆತ್ತಿದ. ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡಳು, ಇಬ್ಬರೂ ಮಾಯಕ್ಕೆ ಸಂದು ಅರಸನ ಮೇಲೆ ಸೇಡು ತೀರಿಸಿದರು. ಇತಿಹಾಸ ನೋಡಿದರೆ ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ! ಕಾಲೇಜಿನಲ್ಲಿದ್ದಾಗ ನಾನು ಇದನ್ನು ದೊಡ್ಡ ಬಗ್ ಹಿಡಿದವನ ಹಾಗೆ ಅಜ್ಜಿಗೆ ಹೇಳಿದ್ದೆ. ಅಜ್ಜಿ, “ಕೈ ಕಡಿದದ್ದಕ್ಕೆ ವರ್ಷದ ಲೆಕ್ಕ ಉಂಟಾ?” ಅಂದಿದ್ದರು. ಆಗ ಉತ್ತರ ತಪ್ಪಿಸಿಕೊಂಡರು ಅನ್ನಿಸಿತ್ತು. ಈಗ ಯೋಚಿಸಿದರೆ, ಅನ್ಯಾಯ ಇತ್ಯರ್ಥ ಆಗುವವರೆಗೆ ಕಾಲ ಮುಂದೆ ಹೋಗದ ಒಂದು ಲೋಕದ ನಿಯಮವನ್ನೇ ಅವರು ನನಗೆ ಹೇಳಿದ್ದು.

ಬೆಂಗಳೂರಿಗೆ ವಾಪಸಾಗಿ ಕಲ್ಲಿನ ರಾಕ್ಷಸನನ್ನು ಅಳಿಸಿ ಹಾಕಿದೆ. ದೈವದ ಹೆಸರಿಲ್ಲ, ಗಗ್ಗರ ಇಲ್ಲ, ಅಣಿ ಇಲ್ಲ. ಉಳಿಸಿಕೊಂಡದ್ದು ಎರಡೇ ನಿಯಮ: ಲೋಕ ಇದೇ ಊರು, ಮತ್ತು ಅಲ್ಲಿ ಆಡಿದ ಮಾತು ಅಳಿಯುವುದಿಲ್ಲ. ಮುಂದಿನ ಶನಿವಾರ ಗೆಳೆಯರ ಪಾತ್ರಗಳು ಒಂದು ಬಾಗಿಲು ದಾಟಿ ತಾವು ಬಿಟ್ಟು ಬಂದ ಊರಿಗೇ ಬಂದವು. ಅದೇ ಸಂತೆ, ಅದೇ ಹೊಳೆ. ಹೊಳೆಯ ಬದಿಯಲ್ಲಿ ದೋಣಿಯವನು ಕೂತಿದ್ದ. ಬಹಳ ಹಿಂದೆ, ಮೂರನೆಯ ವಾರದ ಆಟದಲ್ಲಿ, ಇಂದೋರಿನ ಗೆಳೆಯ ಅವನಿಗೆ “ದುಡ್ಡು ನಾಳೆ ಕೊಡ್ತೇನೆ” ಅಂದು ಮರೆತಿದ್ದ. ದೋಣಿಯವನು ಕತ್ತಿ ಎತ್ತಲಿಲ್ಲ. “ನಾಳೆ ಆಯಿತಾ?” ಅಂತ ಮಾತ್ರ ಕೇಳಿದ. ದಾಳ ಉರುಳಿಸಲಿಕ್ಕೆ ಏನೂ ಇರಲಿಲ್ಲ. ಗೆಳೆಯ ಐದು ನಿಮಿಷ ಸುಮ್ಮನೆ ಕೂತು, ಕೊನೆಗೆ ತನ್ನ ಪಾತ್ರದ ಕುದುರೆಯನ್ನೇ ಕೊಟ್ಟ. ಸೆಕೆ ಜಾಸ್ತಿ ಎಂದವನು ಇವನೇ.

ಆ ದಿನದ ಆಟವನ್ನು ರೆಕಾರ್ಡ್ ಮಾಡಿ ತಂಗಿಗೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೆಯ ದಿನ ಮೆಸೇಜು: “ಬರ್ತೇನೆ. ಹೆಸರು ಇಡುವ ಮುಂಚೆ ನನ್ನತ್ರ ಕೇಳ್ಬೇಕು.” ಒಪ್ಪಿದೆ. ಅವಳು ಈವರೆಗೆ ನನ್ನ ಆರು ಹೆಸರು ತೆಗೆದು ಹಾಕಿದ್ದಾಳೆ. ಅದರಲ್ಲಿ ನಾಲ್ಕು ನ್ಯಾಯ, ಎರಡು ಬರೀ ಹಟ.

ಈಗ ಮುಂದಿನ ಲೋಕದ ತಯಾರಿ. ಇದಕ್ಕೆ ಮೂಡುಬಿದಿರೆಗೆ ಹೋಗಬೇಕಾಯಿತು. ಇಂಜಿನಿಯರಿಂಗ್ ಓದಿದ್ದು ಆ ಕಡೆಯೇ ಆದರೂ ನಾಲ್ಕು ವರ್ಷದಲ್ಲಿ ಸಾವಿರ ಕಂಬದ ಬಸದಿಗೆ ಹೋದದ್ದು ಒಂದೇ ಸಲ, ಅದೂ ಫೋಟೋ ತೆಗೆಯಲಿಕ್ಕೆ. 1430ರಲ್ಲಿ ಕಟ್ಟಿದ ಬಸದಿ ಅದು. ಈ ಸಲ ಜೈನ ಸಹಪಾಠಿಯೊಬ್ಬ ಕಂಬಗಳ ನಡುವೆ ಕೂರಿಸಿ ಲೋಕದ ಲೆಕ್ಕ ಹೇಳಿದ. ನಡುವೆ ಒಂದು ಲಕ್ಷ ಯೋಜನದ ಜಂಬೂದ್ವೀಪ, ಸುತ್ತ ಎರಡು ಲಕ್ಷದ ಲವಣ ಸಮುದ್ರ, ಅದರ ಸುತ್ತ ನಾಲ್ಕು ಲಕ್ಷದ ದ್ವೀಪ. ಹೀಗೆ ಬಳೆಯೊಳಗೆ ಬಳೆ, ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಎಂಟನೆಯ ದ್ವೀಪ ನಂದೀಶ್ವರಕ್ಕೆ ಬರುವಾಗ ಅಗಲ 163 ಕೋಟಿ 84 ಲಕ್ಷ ಯೋಜನ. ಫೋನಿನಲ್ಲಿ ಲೆಕ್ಕ ಹಾಕಿದೆ, ಎರಡರ ಹದಿನಾಲ್ಕನೆಯ ಘಾತ, ಕರಾರುವಾಕ್ಕು. ಆದರೆ ಮನುಷ್ಯರಿಗೆ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ. ಎರಡೂವರೆ ದ್ವೀಪ ಆದ ಮೇಲೆ ಮಾನುಷೋತ್ತರ ಪರ್ವತ ಅಡ್ಡ. ಆಚೆಗೆ ದೇವತೆಗಳು ಹೋಗುತ್ತಾರೆ, ನಾವಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಏಳು ನೆಲೆಗಳು. ಅವುಗಳ ಹೆಸರು ಕೇಳಿ: ರತ್ನಪ್ರಭಾ, ಶರ್ಕರಾಪ್ರಭಾ, ವಾಲುಕಾಪ್ರಭಾ, ಪಂಕಪ್ರಭಾ, ಧೂಮಪ್ರಭಾ, ತಮಃಪ್ರಭಾ, ಮಹಾತಮಃಪ್ರಭಾ. ರತ್ನದ ಬೆಳಕು, ಹರಳುಕಲ್ಲಿನ ಬೆಳಕು, ಮರಳಿನ, ಕೆಸರಿನ, ಹೊಗೆಯ ಬೆಳಕು, ಆಮೇಲೆ ಕತ್ತಲೆ, ಗಾಢ ಕತ್ತಲೆ. ಪಾಪಕ್ಕೆ ತಕ್ಕ ಹಾಗೆ ಇಳಿಯುತ್ತಾ ಹೋದರೆ ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ. ಹೆಸರಿನಲ್ಲೇ ಇಡೀ ಲೋಕದ ವಿನ್ಯಾಸ ಉಂಟು. ಇನ್ನೊಂದು ವಿಷಯ, ಈ ನರಕಗಳಲ್ಲಿ ಯಾರೂ ಶಾಶ್ವತವಾಗಿ ಇರುವುದಿಲ್ಲ. ಅವಧಿ ಎಣಿಸಲಾಗದಷ್ಟು ಉದ್ದ, ಆದರೆ ಮುಗಿಯುತ್ತದೆ, ಮತ್ತೆ ಹುಟ್ಟಬೇಕು. ಮೇಲಿನ ಸ್ವರ್ಗಗಳಿಗೂ ಅದೇ ಕಾನೂನು.

ಈ ಸಲ ಮೊದಲೇ ಕೇಳಿದೆ, “ಇದನ್ನು ಆಟಕ್ಕೆ ತಗೊಂಡ್ರೆ ನಿಂಗೆ ಬೇಜಾರುಂಟಾ?”

ಅವನು ಸ್ವಲ್ಪ ಯೋಚಿಸಿದ. “ಹೆಸರು ಬೇರೆ ಇಡು. ಮತ್ತೆ ಸಿದ್ಧಶಿಲೆಗೆ ಯಾರನ್ನೂ ಕಳಿಸ್ಬೇಡ. ಅಲ್ಲಿಗೆ ಹೋದವ್ರು ವಾಪಸ್ ಬರ್ಲಿಕ್ಕಿಲ್ಲ, ನಿನ್ನ ಆಟ ಅಲ್ಲಿಗೇ ನಿಲ್ತದೆ.”

ಹಾಗಾಗಿ ಏಳು ನೆಲೆಗಳಿಗೂ ಹೊಸ ಹೆಸರು ಹುಡುಕಿ, ನಕ್ಷೆಯ ಜತೆ ಮೊನ್ನೆ ತಂಗಿಗೆ ಕಳಿಸಿದೆ. ಹೆಸರುಗಳ ಬಗ್ಗೆ ಅವಳು ಏನೂ ಹೇಳಲಿಲ್ಲ. ಬೇರೊಂದು ಪ್ರಶ್ನೆ ಕಳಿಸಿದಳು: “ನಮ್ಮ ಕೈಯ ದೊಂದಿ ಎಷ್ಟನೇ ನೆಲೆಯವರೆಗೆ ಉರೀತದೆ?”

ಶನಿವಾರಕ್ಕೆ ಇನ್ನು ಮೂರು ದಿನ. ಲೆಕ್ಕ ಹಾಕುತ್ತಾ ಇದ್ದೇನೆ.